ಬೆರಳ ತುದಿಯ ವಿದ್ಯೆ

ವೈದ್ಯನ ಉಪಕರಣಗಳಲ್ಲಿ ಅತ್ಯಂತ ಹಳೆಯದು ಯಾವುದೆಂದು ಕೇಳಿದರೆ ನಮ್ಮಲ್ಲಿ ಅನೇಕರು ಎದೆಗೆ ಹಿಡಿದು ನೋಡುವ ಸ್ಟೆತೊಸ್ಕೋಪಿನ ಹೆಸರನ್ನು ಹೇಳಬಹುದು. ಆದರೆ ಅದು ಹುಟ್ಟಿದ್ದು ೧೮೧೬ರಲ್ಲಿ. ಅದಕ್ಕೂ ಎಷ್ಟೋ ಶತಮಾನಗಳ ಹಿಂದಿನಿಂದ ರೋಗಿಯ ನಾಡಿಯನ್ನು ಹಿಡಿದು, ಹೊಟ್ಟೆಯನ್ನು ಅಮುಕಿ, ಹಣೆಯನ್ನು ಮುಟ್ಟಿ ರೋಗವನ್ನು ಊಹಿಸುತ್ತ ಬಂದ ಉಪಕರಣವೊಂದುಂಟು. ಅದೇ ಮನುಷ್ಯನ ಬೆರಳು. ಅದನ್ನು ಕೊಳ್ಳಬೇಕಾಗಿಲ್ಲ, ಆದರೆ ಪಳಗಿಸಬೇಕು. ಹೀಗೆ ಪಳಗಿದ ಬೆರಳು ಸ್ತನದ ಕ್ಯಾನ್ಸರಿನ ವಿಷಯದಲ್ಲಿ ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು, ದಾದಿಯರಾಗಲು ಓದುತ್ತಿರುವ ವಿದ್ಯಾರ್ಥಿನಿಯರಿಗೆ ಇದು ಏಕೆ ಮುಖ್ಯ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಈ ವಿಚಾರಕ್ಕೆ ಕಾರಣವಾದುದು ಒಂದು ವಿಚಿತ್ರ ಸಂಗತಿ. ಮಹಿಳೆಯು ತನ್ನ ಸ್ತನಗಳನ್ನು ತಾನೇ ಕ್ರಮವಾಗಿ ನೋಡಿ, ಮುಟ್ಟಿ ಪರೀಕ್ಷಿಸಿಕೊಳ್ಳುವುದಕ್ಕೆ ಸ್ವಪರೀಕ್ಷೆ ಎಂದು ಹೆಸರು. ನಮ್ಮ ದೇಶದ ಅನೇಕ ನರ್ಸಿಂಗ್ ಕಾಲೇಜುಗಳಲ್ಲಿ ಈ ಬಗ್ಗೆ ಸಮೀಕ್ಷೆಗಳು ನಡೆದಿವೆ. ಅವು ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತವೆ: ಸ್ವಪರೀಕ್ಷೆಯ ಹೆಸರನ್ನು ಕೇಳಿದವರು ಬಹಳ ಮಂದಿ, ಅದರ ಕ್ರಮವನ್ನು ಸರಿಯಾಗಿ ಹೇಳಬಲ್ಲವರು ಅದಕ್ಕಿಂತ ಕಡಿಮೆ, ತಿಂಗಳಿಗೊಮ್ಮೆ ತಪ್ಪದೆ ಮಾಡಿಕೊಳ್ಳುವವರು ಇನ್ನೂ ಕಡಿಮೆ. ನಾಳೆ ಹಳ್ಳಿಹಳ್ಳಿಗೆ ಹೋಗಿ ಇತರರಿಗೆ ಬೋಧಿಸತಕ್ಕವರಲ್ಲಿಯೇ ಅರಿವಿಗೂ ಆಚರಣೆಗೂ ಇಷ್ಟು ಅಂತರವಿದ್ದರೆ, ಅದರ ಕಾರಣವನ್ನು ಹುಡುಕಬೇಕಾದುದು ನ್ಯಾಯವಲ್ಲವೆ?

ರೋಗದ ವ್ಯಾಪ್ತಿ

ಜಗತ್ತಿನ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣಬರುವ ಕ್ಯಾನ್ಸರು ಸ್ತನದ್ದೇ. ೨೦೨೨ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು ೨೩ ಲಕ್ಷ ಮಹಿಳೆಯರಲ್ಲಿ ಈ ರೋಗವು ಹೊಸದಾಗಿ ಪತ್ತೆಯಾಯಿತು. ಸುಮಾರು ೬ ಲಕ್ಷ ೭೦ ಸಾವಿರ ಮಂದಿ ಮೃತರಾದರು. ಭಾರತದ ಪಾಲು ಸುಮಾರು ೧ ಲಕ್ಷ ೯೨ ಸಾವಿರ ಹೊಸ ರೋಗಿಗಳು, ೯೮ ಸಾವಿರ ಮರಣಗಳು.

ನಮ್ಮ ನಾಡಿನ ಸ್ಥಿತಿಯನ್ನು ತಿಳಿಯಲು ಒಳ್ಳೆಯ ಸಾಧನವೊಂದಿದೆ. ೧೯೮೨ರಿಂದ ಬೆಂಗಳೂರಿನಲ್ಲಿ ಹೊಸದಾಗಿ ಪತ್ತೆಯಾಗುವ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಇಟ್ಟುಕೊಂಡು ಬಂದಿದೆ. ಮೊದಲ ವರ್ಷಗಳಲ್ಲಿ ಹೆಂಗಸರ ಕ್ಯಾನ್ಸರುಗಳಲ್ಲಿ ಗರ್ಭಕೊರಳಿನದೇ ಮೊದಲನೆಯ ಸ್ಥಾನವಾಗಿತ್ತು. ಕಾಲಕ್ರಮದಲ್ಲಿ ಅದು ಹಿಂದೆ ಸರಿದು, ಸ್ತನದ ಕ್ಯಾನ್ಸರು ಮುಂದೆ ಬಂದಿದೆ. ವಯಸ್ಸು ಹೆಚ್ಚಿದಂತೆ ಈ ರೋಗದ ಸಂಭವವೂ ಹೆಚ್ಚುತ್ತದೆ. ಬೇಗ ಮೈನೆರೆಯುವುದು, ಮುಟ್ಟು ತಡವಾಗಿ ನಿಲ್ಲುವುದು, ಮೊದಲ ಹೆರಿಗೆ ತಡವಾಗುವುದು, ಹಾಲೂಡಿಸದಿರುವುದು, ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯಪಾನ ಇವೆಲ್ಲ ಸಂಭವವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ಸಂಗತಿಗಳು. ವಂಶದಿಂದ ಬರುವ ಜೀನುಗಳ ದೋಷವು ಕಾರಣವಾಗುವುದು ನೂರರಲ್ಲಿ ಐದರಿಂದ ಹತ್ತು ರೋಗಿಗಳಲ್ಲಿ ಮಾತ್ರ. ಆದುದರಿಂದ "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ" ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಗಂಡಸರಿಗೂ ಇದು ಬರುವುದುಂಟು. ಆದರೆ ನೂರು ರೋಗಿಗಳಲ್ಲಿ ಒಬ್ಬರಷ್ಟೇ ಅಥವಾ ಇನ್ನೂ ಕಡಿಮೆ.

ಒಂದು ಗಂಟಿನ ಗಣಿತ

ಸ್ತನದೊಳಗೆ ಹಾಲು ಉತ್ಪತ್ತಿಯಾಗುವ ಗ್ರಂಥಿಗಳೂ, ಅದನ್ನು ತೊಟ್ಟಿಗೆ ತರುವ ನಾಳಗಳೂ, ಇವುಗಳನ್ನು ಸುತ್ತುವರಿದ ಕೊಬ್ಬೂ ಇರುತ್ತವೆ. ಗ್ರಂಥಿಗಳು ೧೫ರಿಂದ ೨೦ ಗುಂಪುಗಳಾಗಿ, ತೊಟ್ಟಿನ ಸುತ್ತ ಚಕ್ರದ ಅರಗಳಂತೆ ಹರಡಿಕೊಂಡಿವೆ. ಬಹುಪಾಲು ಕ್ಯಾನ್ಸರುಗಳು ನಾಳಗಳ ಒಳಪದರದ ಜೀವಕೋಶಗಳಲ್ಲಿ ಮೊದಲಾಗುತ್ತವೆ. ಕಂಕುಳಿನ ಕಡೆಗಿರುವ ಮೇಲಿನ ಕಾಲುಭಾಗದಲ್ಲಿ ಗ್ರಂಥಿಗಳು ಹೆಚ್ಚಾಗಿರುವುದರಿಂದ ರೋಗವೂ ಅಲ್ಲಿಯೇ ಹೆಚ್ಚು.

ಕೆಟ್ಟ ಜೀವಕೋಶವೊಂದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಹೀಗೆ ಮೂವತ್ತು ಸಲ ಇಮ್ಮಡಿಯಾದರೆ ಒಟ್ಟು ಎಷ್ಟಾಯಿತೆಂಬುದನ್ನು ವಾಚಕರು ಕಾಗದದ ಮೇಲೆ ಲೆಕ್ಕಹಾಕಿ ನೋಡಬಹುದು: ೧೦೭ ಕೋಟಿಗೂ ಮೇಲೆ! ಇಷ್ಟು ಕೋಶಗಳು ಸೇರಿದರೆ ಆಗುವುದು ಸುಮಾರು ಒಂದು ಸೆಂಟಿಮೀಟರು ಅಡ್ಡಳತೆಯ ಒಂದು ಗಂಟು. ಅಂದರೆ ಒಂದು ಅವರೆಕಾಳಿನಷ್ಟು. ಇಮ್ಮಡಿಯಾಗಲು ಹಿಡಿಯುವ ಕಾಲವು ರೋಗಿಯಿಂದ ರೋಗಿಗೆ ಬಹಳ ವ್ಯತ್ಯಾಸವಾಗುತ್ತದೆ. ಲೆಕ್ಕಕ್ಕಾಗಿ ನೂರು ದಿನಗಳೆಂದು ಇಟ್ಟುಕೊಂಡರೆ, ಮೂವತ್ತು ಸಲಕ್ಕೆ ಮೂರು ಸಾವಿರ ದಿನ, ಎಂದರೆ ಎಂಟು ವರ್ಷಗಳಿಗೂ ಮೇಲಾಯಿತು. ಬೆರಳಿಗೆ ಸಿಕ್ಕುವ ಅತಿ ಚಿಕ್ಕ ಗಂಟು ಕೂಡ ಹೀಗೆ ವರ್ಷಗಳ ಕಾಲ ಮರೆಯಲ್ಲಿ ಬೆಳೆದುದೇ ಆಗಿರುತ್ತದೆ.

ಹಾಗಾದರೆ ಬೆರಳಿನ ಪರೀಕ್ಷೆ ವ್ಯರ್ಥವೆ? ಅಲ್ಲ. ಲೆಕ್ಕವನ್ನು ಸ್ವಲ್ಪ ಮುಂದುವರಿಸೋಣ. ಒಂದು ಸೆಂಟಿಮೀಟರಿನ ಗಂಟು ಐದು ಸೆಂಟಿಮೀಟರಿಗೆ, ಅಂದರೆ ದೊಡ್ಡ ನಿಂಬೆಯಷ್ಟಕ್ಕೆ ಬೆಳೆದರೆ ಅದರ ಗಾತ್ರ ೧೨೫ ಪಟ್ಟು ಹೆಚ್ಚುತ್ತದೆ. ಇದಕ್ಕೆ ಬೇಕಾದುದು ಇನ್ನು ಏಳೇ ಇಮ್ಮಡಿಗಳು. ನಮ್ಮ ಲೆಕ್ಕದಂತೆ ಎರಡು ವರ್ಷಕ್ಕೂ ಕಡಿಮೆ. ಇಷ್ಟರೊಳಗೆ ರೋಗವು ಕಂಕುಳಿನ ದುಗ್ಧಗ್ರಂಥಿಗಳಿಗೂ, ಅಲ್ಲಿಂದ ಎಲುಬು, ಶ್ವಾಸಕೋಶ, ಯಕೃತ್ತುಗಳಿಗೂ ದಾಟುವ ಅಪಾಯವು ಬಹುವಾಗಿ ಹೆಚ್ಚುತ್ತದೆ. ಅವರೆಕಾಳಿಗೂ ನಿಂಬೆಗೂ ನಡುವಣ ಈ ಅವಧಿಯೇ ನಮ್ಮ ಕೈಯಲ್ಲಿರುವ ಅವಕಾಶ. ಸಂಪದ್ಭರಿತ ದೇಶಗಳಲ್ಲಿ ರೋಗ ತಿಳಿದ ಐದು ವರ್ಷಗಳ ಮೇಲೂ ಬದುಕಿರುವವರು ನೂರಕ್ಕೆ ೯೦ಕ್ಕೂ ಮೇಲೆ. ಭಾರತದಲ್ಲಿ ೬೬ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಅಂತರಕ್ಕೆ ಚಿಕಿತ್ಸೆಯ ಕೊರತೆಯೊಂದು ಕಾರಣವಾದರೆ, ರೋಗಿಗಳು ತಡವಾಗಿ ಬರುವುದು ಇನ್ನೊಂದು ಕಾರಣ.

ಪರೀಕ್ಷೆಯ ಕ್ರಮ

ಮುಟ್ಟು ನಿಂತ ಮೂರು ನಾಲ್ಕು ದಿನಗಳ ನಂತರ ಸ್ತನವು ಮೃದುವಾಗಿರುವುದರಿಂದ ಪರೀಕ್ಷೆಗೆ ಅದೇ ಯೋಗ್ಯ ಕಾಲ. ಮುಟ್ಟು ಶಾಶ್ವತವಾಗಿ ನಿಂತವರು ತಿಂಗಳಿನ ಯಾವುದಾದರೂ ಒಂದು ತಾರೀಖನ್ನು ಗೊತ್ತುಮಾಡಿಕೊಳ್ಳಬಹುದು.

ಮೊದಲು ಕನ್ನಡಿಯ ಮುಂದೆ ನಿಂತು ನೋಡಬೇಕು: ಕೈಗಳನ್ನು ಇಳಿಬಿಟ್ಟು ಒಮ್ಮೆ, ತಲೆಯ ಮೇಲೆತ್ತಿ ಒಮ್ಮೆ, ಸೊಂಟದ ಮೇಲಿಟ್ಟು ಒತ್ತಿ ಒಮ್ಮೆ. ಎರಡು ಸ್ತನಗಳೂ ಸರಿಸಮನಾಗಿರಬೇಕೆಂಬ ನಿಯಮವಿಲ್ಲ. ಹಿಂದೆ ಇಲ್ಲದ ವ್ಯತ್ಯಾಸ ಬಂದಿದೆಯೇ ಎಂಬುದೇ ಮುಖ್ಯ. ಚರ್ಮದಲ್ಲಿ ಗುಳಿ ಬಿದ್ದಿರುವುದು, ಕಿತ್ತಳೆಯ ಸಿಪ್ಪೆಯಂತೆ ಒರಟಾಗಿರುವುದು, ತೊಟ್ಟು ಹೊಸದಾಗಿ ಒಳಕ್ಕೆ ಸೇದಿಕೊಂಡಿರುವುದು, ತೊಟ್ಟಿನ ಮೇಲೆ ಮಾಯದ ಹುಣ್ಣು, ತಾನಾಗಿ ಒಸರುವ ರಕ್ತಮಿಶ್ರಿತ ದ್ರವ ಇವು ಗಮನಿಸತಕ್ಕ ಚಿಹ್ನೆಗಳು.

ಅನಂತರ ಮಲಗಿಕೊಂಡು ಬಲ ಹೆಗಲಿನ ಕೆಳಗೆ ಒಂದು ಸಣ್ಣ ದಿಂಬನ್ನಿಟ್ಟು, ಬಲಗೈಯನ್ನು ತಲೆಯ ಕೆಳಗೆ ಇರಿಸಿಕೊಂಡು, ಎಡಗೈಯ ನಡುವಣ ಮೂರು ಬೆರಳುಗಳಿಂದ ಬಲಸ್ತನವನ್ನು ಪರೀಕ್ಷಿಸಬೇಕು. ಉಪಯೋಗಿಸಬೇಕಾದುದು ಉಗುರಿನ ತುದಿಯಲ್ಲ, ಬೆರಳಿನ ಮೆತ್ತನೆಯ ತಟ್ಟು. ಒಂದು ರೂಪಾಯಿಯ ನಾಣ್ಯದಷ್ಟು ಸಣ್ಣ ಸುತ್ತುಗಳನ್ನು ಹಾಕುತ್ತ, ಒಂದೊಂದು ಸ್ಥಳದಲ್ಲಿಯೂ ಹಗುರವಾಗಿ, ಸಾಧಾರಣವಾಗಿ, ಪಕ್ಕೆಲುಬು ತಗಲುವಷ್ಟು ಬಲವಾಗಿ, ಹೀಗೆ ಮೂರು ಬಗೆಯಲ್ಲಿ ಒತ್ತಬೇಕು. ಕಂಕುಳಿನಿಂದ ಎದೆಯೆಲುಬಿನವರೆಗೆ, ಕೊರಳೆಲುಬಿನಿಂದ ಸ್ತನದ ಕೆಳ ಅಂಚಿನವರೆಗೆ, ಹೊಲ ಉಳುವ ರೈತನು ಸಾಲು ತಪ್ಪದೆ ಹೋಗಿ ಬರುವಂತೆ, ಮೇಲೆ ಕೆಳಗೆ ಸಾಲು ಹಿಡಿದು ಸಾಗಬೇಕು. ಕಂಕುಳನ್ನು ಮರೆಯಬಾರದು. ಮತ್ತೊಂದು ಪಕ್ಕಕ್ಕೂ ಇದೇ ಕ್ರಮ.

ಬೆರಳಿನ ತುದಿಯೇ ಏಕೆ? ೧೮೩೪ರಲ್ಲಿ ಜರ್ಮನಿಯ ವೆಬರ್ ಎಂಬ ವಿಜ್ಞಾನಿಯು ಕೈವಾರದ ಎರಡು ಮುಳ್ಳುಗಳನ್ನು ದೇಹದ ಬೇರೆ ಬೇರೆ ಭಾಗಗಳಿಗೆ ತಾಗಿಸಿದಾಗ ಅವು ಯಾವ ದೂರದಲ್ಲಿ ಎರಡೆಂದು ಗೊತ್ತಾಗುತ್ತವೆಂಬುದನ್ನು ಅಳೆದು ಪ್ರಕಟಿಸಿದನು. ಬೆರಳಿನ ತುದಿಯಲ್ಲಿ ಎರಡು ಮೂರು ಮಿಲಿಮೀಟರು ದೂರವಿದ್ದರೂ ಎರಡೆಂದು ತಿಳಿಯುತ್ತದೆ. ಬೆನ್ನಿನ ಮೇಲಾದರೆ ಸುಮಾರು ನಾಲ್ಕು ಸೆಂಟಿಮೀಟರು ದೂರ ಬೇಕು. ಅಲ್ಲದೆ ಒಂದೇ ಸಮನಾದ ಒತ್ತಡಕ್ಕೆ ನಮ್ಮ ನರಗಳು ಬೇಗ ಒಗ್ಗಿಕೊಂಡು ಸುಮ್ಮನಾಗುತ್ತವೆ. ತೊಟ್ಟ ಅಂಗಿಯ ಸ್ಪರ್ಶ ನಮಗೆ ದಿನವಿಡೀ ತಿಳಿಯದಿರುವುದು ಇದರಿಂದಲೇ. ಆದಕಾರಣ ಬೆರಳು ಸುತ್ತುತ್ತಲೇ ಇರಬೇಕು.

ಇದನ್ನು ಮನೆಯಲ್ಲಿಯೇ ಪ್ರಯೋಗಮಾಡಿ ನೋಡಬಹುದು. ದಪ್ಪನಾದ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬೇರೊಬ್ಬರಿಂದ ಅದರೊಳಗೆ ಒಂದು ಅವರೆಕಾಳನ್ನೂ ಒಂದು ಹುಣಸೆಬೀಜವನ್ನೂ ಒಂದು ಸಾಸಿವೆಯನ್ನೂ ಅಡಗಿಸಿರಿ. ಮೊದಲು ಅಂಗೈಯಿಂದ ಹುಡುಕಿ, ಆಮೇಲೆ ಬೆರಳಿನ ತಟ್ಟುಗಳಿಂದ ಸುತ್ತುಹಾಕಿ ಹುಡುಕಿರಿ. ಅಂಗೈಗೆ ತಪ್ಪಿಸಿಕೊಂಡ ಕಾಳು ಬೆರಳಿಗೆ ಸಿಕ್ಕುತ್ತದೆ. ಹತ್ತು ದಿನ ಅಭ್ಯಾಸಮಾಡಿದ ಬೆರಳಿಗೆ ಇನ್ನೂ ಬೇಗ ಸಿಕ್ಕುತ್ತದೆ.

ಗಂಟು ಸಿಕ್ಕಿದೊಡನೆ ಕ್ಯಾನ್ಸರೆಂದು ಹೆದರಬೇಕಾದುದಿಲ್ಲ. ಗಂಟುಗಳಲ್ಲಿ ಬಹುಪಾಲು ನಿರಪಾಯವಾದವು. ಕಾಲೇಜಿನ ವಯಸ್ಸಿನಲ್ಲಿ ಕಾಣುವ, ಗೋಲಿಯಂತೆ ನುಣುಪಾಗಿ ಬೆರಳಿನಡಿಯಿಂದ ಜಾರುವ ಗಂಟು ಸಾಮಾನ್ಯವಾಗಿ ನಾರುಗ್ರಂಥಿಯ ಸೌಮ್ಯ ಗೆಡ್ಡೆ. ಕ್ಯಾನ್ಸರಿನ ಗಂಟು ಬಹುಶಃ ಗಟ್ಟಿಯಾಗಿ, ಅಂಚು ಒರಟಾಗಿ, ನೆಲೆಗೆ ಅಂಟಿದಂತಿರುತ್ತದೆ. ಮೊದಲಲ್ಲಿ ನೋಯುವುದೂ ಅಪರೂಪ. ಆದರೆ ಯಾವುದು ಯಾವುದೆಂದು ನಿರ್ಣಯಿಸತಕ್ಕವರು ನಾವಲ್ಲ. ವೈದ್ಯರ ಪರೀಕ್ಷೆ, ಸ್ತನದ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್, ಸೂಜಿಯಿಂದ ತೆಗೆದ ತುಣುಕಿನ ಸೂಕ್ಷ್ಮದರ್ಶಕ ಪರೀಕ್ಷೆ, ಈ ಮೂರೂ ಸೇರಿ ನಿರ್ಣಯವಾಗಬೇಕು.

ಶಾಂಘೈಯ ಪಾಠ

ಸ್ವಪರೀಕ್ಷೆಯ ಪ್ರಚಾರವು ವ್ಯಾಪಕವಾದುದು ಅಮೆರಿಕದಲ್ಲಿ. ೧೯೫೦ರಲ್ಲಿ ಅಲ್ಲಿನ ಕ್ಯಾನ್ಸರ್ ಸಂಘವು ಇದನ್ನು ಕಲಿಸುವ ಚಲನಚಿತ್ರವನ್ನೇ ಹೊರತಂದಿತು. ಅನೇಕ ವರ್ಷಗಳವರೆಗೆ ಇದು ಪ್ರಾಣರಕ್ಷಕವೆಂಬುದು ಸಂಶಯಕ್ಕೆ ಆಸ್ಪದವಿಲ್ಲದ ನಂಬಿಕೆಯಾಗಿತ್ತು. ಆದರೆ ವಿಜ್ಞಾನವು ನಂಬಿಕೆಯನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತದೆ. ಚೀನದ ಶಾಂಘೈಯ ನೂಲು ಮತ್ತು ಬಟ್ಟೆಯ ಕಾರ್ಖಾನೆಗಳಲ್ಲಿ ೧೯೮೯ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ೨ ಲಕ್ಷ ೬೬ ಸಾವಿರ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ವಪರೀಕ್ಷೆಯನ್ನು ಶ್ರದ್ಧೆಯಿಂದ ಕಲಿಸಿ, ಮತ್ತೆ ಮತ್ತೆ ನೆನಪಿಸಲಾಯಿತು. ಇನ್ನೊಂದು ಗುಂಪಿಗೆ ಕಲಿಸಲಿಲ್ಲ. ಫಲಿತಾಂಶ ೨೦೦೨ರಲ್ಲಿ ಪ್ರಕಟವಾಯಿತು. ಕಲಿತ ಗುಂಪಿನಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರು ೧೩೫ ಮಂದಿ. ಕಲಿಯದ ಗುಂಪಿನಲ್ಲಿ ೧೩೧. ಭೇದವೇ ಇಲ್ಲ! ಅದಕ್ಕೆ ಬದಲಾಗಿ ಕಲಿತವರಲ್ಲಿ ನಿರಪಾಯದ ಗಂಟುಗಳು ಹೆಚ್ಚಾಗಿ ಸಿಕ್ಕಿ, ಅನಾವಶ್ಯಕ ಶಸ್ತ್ರಕ್ರಿಯೆಗಳೂ ಆತಂಕವೂ ಹೆಚ್ಚಿದವು. ರಷ್ಯದಲ್ಲಿ ನಡೆದ ದೊಡ್ಡ ಪ್ರಯೋಗವೂ ಮರಣಗಳು ಕಡಿಮೆಯಾದುದನ್ನು ತೋರಿಸಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಮಾಡಲೇಬೇಕೆಂಬ ಉಪದೇಶವನ್ನು ಅಮೆರಿಕದ ಕ್ಯಾನ್ಸರ್ ಸಂಘವೂ ಕೈಬಿಟ್ಟಿತು.

ಇದರ ಅರ್ಥವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಶಾಂಘೈಯಲ್ಲಿ ಕಲಿತವರ ಗಂಟುಗಳೂ ಕಲಿಯದವರ ಗಂಟುಗಳೂ ಪತ್ತೆಯಾದಾಗ ಹೆಚ್ಚು ಕಡಮೆ ಒಂದೇ ಗಾತ್ರದವಾಗಿದ್ದವು. ಹೇಗೂ ಸ್ನಾನದಲ್ಲೋ ಬಟ್ಟೆ ಉಡುವಾಗಲೋ ಗಂಟನ್ನು ಕಂಡ ಹೆಂಗಸು ಕೂಡಲೇ ವೈದ್ಯರಲ್ಲಿಗೆ ಹೋಗುವಂತಿದ್ದರೆ, ಕ್ರಮಬದ್ಧ ಪರೀಕ್ಷೆಯಿಂದ ಸಿಕ್ಕುವ ಹೆಚ್ಚಿನ ಲಾಭ ಸ್ವಲ್ಪವೇ. ನಮ್ಮ ಹಳ್ಳಿಗಳ ಸಮಸ್ಯೆ ಇದಲ್ಲ. ಇಲ್ಲಿ ನಷ್ಟವಾಗುವ ಕಾಲವು ಗಂಟು ಕಾಣುವುದಕ್ಕೆ ಮೊದಲಿನದಕ್ಕಿಂತ, ಗಂಟು ಕಂಡ ಮೇಲೆ ತೋರಿಸುವವರೆಗಿನದೇ ಹೆಚ್ಚೆಂದು ನಮಗೆ ತೋರುತ್ತದೆ.

ವಕ್ಕಲೇರಿಯ ಮನೆಬಾಗಿಲಿನಲ್ಲಿ

ಕೋಲಾರ ತಾಲ್ಲೂಕಿನ ವಕ್ಕಲೇರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕ್ರಿ.ಶ. ೭೫೭ರ ತಾಮ್ರಶಾಸನ ದೊರೆತ ಊರೆಂದು ಇತಿಹಾಸದ ವಿದ್ಯಾರ್ಥಿಗಳು ಇದನ್ನು ಬಲ್ಲರು. ಹಾಲು, ರೇಷ್ಮೆ, ಟೊಮೇಟೊಗಳ ಈ ಸೀಮೆಯ ಹೋಬಳಿಗಳಲ್ಲಿ ಹೆಂಗಸರ ದಿನವು ಕೊಟ್ಟಿಗೆಯಲ್ಲಿ ಮೊದಲಾಗಿ ಒಲೆಯ ಮುಂದೆ ಮುಗಿಯುತ್ತದೆ. ಇಂತಹ ಮನೆಯ ತಾಯಿಗೆ ಗಂಟು ಕಂಡರೂ ಅದು ನೋಯುವುದಿಲ್ಲ. ನೋಯದುದು ರೋಗವೆಂದು ತೋರುವುದಿಲ್ಲ. ಗಂಡನಿಗೆ ಹೇಳಲು ಸಂಕೋಚ, ಗಂಡಸು ವೈದ್ಯರಿಗೆ ತೋರಿಸಲು ಇನ್ನೂ ಸಂಕೋಚ. "ಸೂಜಿ ಚುಚ್ಚಿದರೆ ಹರಡುತ್ತದೆ" ಎಂಬ ಆಧಾರವಿಲ್ಲದ ಭಯ ಬೇರೆ. ಸುಗ್ಗಿ ಮುಗಿಯಲಿ, ಮಗಳ ಮದುವೆ ಕಳೆಯಲಿ ಎನ್ನುತ್ತ ಅವರೆಕಾಳು ನಿಂಬೆಯಾಗುತ್ತದೆ.

ಈ ಬಾಗಿಲನ್ನು ತಟ್ಟಬಲ್ಲವಳು ದಾದಿ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯಂತೆ ೩೦ರಿಂದ ೬೫ ವಯಸ್ಸಿನ ಮಹಿಳೆಯರ ಸ್ತನಗಳನ್ನು ಐದು ವರ್ಷಗಳಿಗೊಮ್ಮೆ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಕೈಯಿಂದ ಪರೀಕ್ಷಿಸಬೇಕು. ಮನೆಮನೆಗೆ ಹೋಗಿ ರಕ್ತದೊತ್ತಡ, ಮಧುಮೇಹಗಳೊಡನೆ ಬಾಯಿ, ಸ್ತನ, ಗರ್ಭಕೊರಳುಗಳ ಕ್ಯಾನ್ಸರನ್ನೂ ವಿಚಾರಿಸುವ "ಗೃಹ ಆರೋಗ್ಯ" ಯೋಜನೆಯನ್ನು ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದುದು ಕೋಲಾರ ಜಿಲ್ಲೆಯಲ್ಲಿಯೇ. ಈ ಕೆಲಸಕ್ಕೆ ಬೇಕಾದ ಕೈಗಳು ಸಿದ್ಧವಾಗುತ್ತಿರುವುದೂ ದೂರದಲ್ಲಲ್ಲ. ಕೋಲಾರ ಪಟ್ಟಣದಲ್ಲಿ ಇ.ಟಿ.ಸಿ.ಎಂ. ಎಂದು ಹೆಸರಾದ ಹಳೆಯ ಮಿಷನ್ ಆಸ್ಪತ್ರೆಯಿದೆ. ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ಎರಡು ಕಡೆಯೂ ನರ್ಸಿಂಗ್ ಶಿಕ್ಷಣ ನಡೆಯುತ್ತಿದೆ.

ಪಳಗಿದ ಕೈಯಿಂದ ಆಗುವ ಪ್ರಯೋಜನಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷ್ಯವುಂಟು. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ೧೯೯೮ರಲ್ಲಿ ಮುಂಬಯಿಯ ಬಡಾವಣೆಗಳಲ್ಲಿ ೩೫ರಿಂದ ೬೪ ವಯಸ್ಸಿನ ೧ ಲಕ್ಷ ೫೧ ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಒಂದು ಪ್ರಯೋಗವನ್ನು ಆರಂಭಿಸಿದರು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಗಳಿಗೊಮ್ಮೆಯಂತೆ ನಾಲ್ಕು ಸುತ್ತು ಅವರು ಕೈಯಿಂದ ಪರೀಕ್ಷಿಸಿ, ಸ್ತನದ ಬದಲಾವಣೆಗಳನ್ನು ತಿಳಿಸಿಹೇಳಿದರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಲಿತ ಹಂತದಲ್ಲಿ ಪತ್ತೆಯಾದ ರೋಗಿಗಳು ಪರೀಕ್ಷೆಯಿಲ್ಲದ ಗುಂಪಿನಲ್ಲಿ ನೂರಕ್ಕೆ ೪೭, ಪರೀಕ್ಷೆಗೊಳಗಾದ ಗುಂಪಿನಲ್ಲಿ ೩೭. ಐವತ್ತು ದಾಟಿದವರಲ್ಲಿ ಮರಣಗಳು ನೂರಕ್ಕೆ ಸುಮಾರು ಮೂವತ್ತರಷ್ಟು ತಗ್ಗಿದವು. ಅದಕ್ಕಿಂತ ಕಿರಿಯರಲ್ಲಿ ಅಂತಹ ಪ್ರಯೋಜನ ಕಾಣಲಿಲ್ಲ. ಒಬ್ಬಂಟಿಯಾಗಿ ಮಾಡಿಕೊಳ್ಳುವ ಸ್ವಪರೀಕ್ಷೆಯಿಂದ ಆಗದುದು, ಪಳಗಿದ ಕೈ, ತಿಳಿವಳಿಕೆಯ ಮಾತು, ಆಸ್ಪತ್ರೆಯ ದಾರಿ ಮೂರೂ ಕೂಡಿದಾಗ ಒಂದು ಮಟ್ಟಿಗೆ ಆಯಿತು.

ವಿದ್ಯಾರ್ಥಿನಿಯ ಅಭ್ಯಾಸ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ನರ್ಸಿಂಗ್ ವಿದ್ಯಾರ್ಥಿನಿಯು ಸ್ವಪರೀಕ್ಷೆಯನ್ನು ಅರಿತೂ ಏಕೆ ಮಾಡಿಕೊಳ್ಳುವುದಿಲ್ಲ? ಸಮೀಕ್ಷೆಗಳಲ್ಲಿ ಅವರು ಕೊಡುವ ಕಾರಣಗಳು ಸರಳವಾದವು: ಮರೆವು, ಸಂಕೋಚ, ಏನಾದರೂ ಸಿಕ್ಕೀತೆಂಬ ಭಯ, ಮಾಡುವ ಕ್ರಮದಲ್ಲಿ ಅಪನಂಬಿಕೆ, "ನನಗೇನೂ ಆಗಿಲ್ಲವಲ್ಲ" ಎಂಬ ಭಾವನೆ. ಇವುಗಳನ್ನು ವಕ್ಕಲೇರಿಯಂತಹ ಊರಿನ ತಾಯಿಯ ಕಾರಣಗಳೊಡನೆ ಹೋಲಿಸಿ ನೋಡಿರಿ. ಬಹುಮಟ್ಟಿಗೆ ಅವೇ! ಪುಸ್ತಕವು ಇವುಗಳನ್ನು ಕಳೆಯಲಿಲ್ಲ, ಅಂಕಗಳೂ ಕಳೆಯಲಿಲ್ಲ.

ಇಪ್ಪತ್ತರ ಹರೆಯದಲ್ಲಿ ಈ ರೋಗ ಬಹಳ ಅಪರೂಪವಾದುದರಿಂದ, ಆಕೆಯ ಸ್ವಪರೀಕ್ಷೆಯ ಪ್ರಯೋಜನವು ತನ್ನ ರೋಗವನ್ನು ಹಿಡಿಯುವುದರಲ್ಲಿಲ್ಲ. ಸಹಜವಾದ ಸ್ತನವು ಮುಟ್ಟಿಗೆ ಹೇಗಿರುತ್ತದೆ, ತಿಂಗಳಿನಲ್ಲಿ ಹೇಗೆ ಬದಲಾಗುತ್ತದೆ, ಕೆಳ ಅಂಚಿನ ಸಹಜವಾದ ಗಟ್ಟಿ ಏಣು ಹೇಗೆ ಗಂಟೆಂದು ಭ್ರಮೆ ಹುಟ್ಟಿಸುತ್ತದೆ ಎಂಬುದನ್ನು ಕಲಿಯಲು ಅವಳಿಗೆ ಸದಾ ದೊರೆಯುವ ಪಾಠವೆಂದರೆ ಅವಳ ಸ್ವಂತ ದೇಹವೇ. ಸಹಜವನ್ನು ಬಲ್ಲ ಬೆರಳೇ ಅಸಹಜವನ್ನು ಗುರುತಿಸಬಲ್ಲುದು. ಆದುದರಿಂದ ಕಾಲೇಜುಗಳಲ್ಲಿ ಇದನ್ನು ಬರೆಸುವ ಪಾಠವನ್ನಾಗಿ ಮಾತ್ರವಲ್ಲದೆ, ಸಿಲಿಕೋನಿನ ಮಾದರಿಗಳ ಮೇಲೆ ಅಡಗಿದ ಗಂಟುಗಳನ್ನು ಹುಡುಕಿಸುವ ಕೈಗೆಲಸದ ಪಾಠವನ್ನಾಗಿಯೂ ಮಾಡಬೇಕು. ಜೊತೆಗೆ ನಾಲಿಗೆಯನ್ನೂ ಪಳಗಿಸಬೇಕು. ಹೊರರಾಜ್ಯಗಳಿಂದ ಬಂದು ಇಲ್ಲಿ ಕಲಿಯುವ ವಿದ್ಯಾರ್ಥಿನಿಯರೂ ಉಂಟು. ಕನ್ನಡದ "ಗಂಟು", "ಗೆಡ್ಡೆ"ಗಳನ್ನೂ, ಈ ಗಡಿಜಿಲ್ಲೆಯ ತೆಲುಗು ಮನೆಗಳ "ಗಡ್ಡ"ವನ್ನೂ ತಿಳಿಯದವಳು ರೋಗಿಯ ಮಾತಿನಲ್ಲಿ ರೋಗವನ್ನು ಹೇಗೆ ಕೇಳಿಸಿಕೊಂಡಾಳು?

೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದು ಗುರಿಯನ್ನು ಮುಂದಿಟ್ಟಿತು: ರೋಗಿಗಳಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಮಂದಿ ಮೊದಲೆರಡು ಹಂತಗಳಲ್ಲಿಯೇ ಪತ್ತೆಯಾಗಬೇಕು, ವೈದ್ಯರಲ್ಲಿಗೆ ಬಂದ ೬೦ ದಿನಗಳೊಳಗೆ ನಿರ್ಣಯವಾಗಬೇಕು, ನೂರಕ್ಕೆ ೮೦ ಮಂದಿಯಾದರೂ ಚಿಕಿತ್ಸೆಯನ್ನು ಪೂರ್ಣಮಾಡಬೇಕು. ಎರಡನೆಯದೂ ಮೂರನೆಯದೂ ಆಸ್ಪತ್ರೆಗಳ ಹೊಣೆ. ಮೊದಲನೆಯದರಲ್ಲಿ ನಮ್ಮ ವಾಚಕರಿಗೂ ಪಾಲುಂಟು. ಗಂಡುಹುಡುಗರೇ ಆಗಲಿ, ಹೆಣ್ಣುಹುಡುಗಿಯರೇ ಆಗಲಿ, ನೋವಿಲ್ಲದ ಗಂಟನ್ನೂ ತೋರಿಸಬೇಕೆಂಬ ಒಂದು ಮಾತನ್ನು ಮನೆಯಲ್ಲಿ ತಾಯಿಗೆ, ಅತ್ತೆಗೆ, ಚಿಕ್ಕಮ್ಮನಿಗೆ ನಾಚಿಕೆಯಿಲ್ಲದೆ ಹೇಳಬಲ್ಲವರಾಗಬೇಕು.

ನರ್ಸಿಂಗ್ ವಿದ್ಯಾರ್ಥಿನಿಯರ ಪಾಲು ಇನ್ನೂ ದೊಡ್ಡದು. ನಾಳೆ ಯಾವುದೋ ಮನೆಯ ಜಗಲಿಯಲ್ಲಿ ಕುಳಿತ ಹೆಂಗಸೊಬ್ಬಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, "ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರಮ್ಮ?" ಎಂದು ಕೇಳಿಯಾಳು. "ನಾನೂ ನೋಡಿಕೊಳ್ಳುತ್ತೇನೆ, ಅಮ್ಮ" ಎಂದು ಆಗ ಉತ್ತರ ಕೊಡಬೇಕಾದರೆ ಆ ಮಾತು ನಿಜವಾಗಿರಬೇಕು.